ಬ್ಲೂಗಿಲ್ ಅಪ್ಪನೂ ಊರಿನ ಕೊರವ ಮೀನೂ

"ದೊಡ್ಡದನ್ನ ಯಾಕೆ ಬಕೆಟ್ಟಿಗೆ ಹಾಕಿದ್ರಿ? ಅವನು ಅಪ್ಪ. ಮೊಟ್ಟೆ ಕಾಯೋರು ಯಾರು?" ಮೊನ್ನೆ ಪಕ್ಕದ ಮನೆಯ ಪುಟ್ಟ ಹುಡುಗಿ ಕೇಳಿದ್ದು ಇಷ್ಟೇ. ಅಮೆರಿಕದ ಮಿನ್ನೆಸೋಟ ರಾಜ್ಯದ ಕೆರೆಗಳಲ್ಲಿ ಬ್ಲೂಗಿಲ್ ಎಂಬ ಸಣ್ಣ ಮೀನಿಗೆ ಗಾಳ ಹಾಕುವ ದೊಡ್ಡವರಿಗೇ ಇದು ನೆನಪಿರುವುದಿಲ್ಲ.

ಮೇ ಕೊನೆಗೆ ನೀರು 67 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಗಂಡು ಬ್ಲೂಗಿಲ್ ದಡದ ಬಳಿ ಬಾಲದಿಂದ ಮರಳು ಗುಡಿಸಿ ತಟ್ಟೆಯಂಥ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಬಿಡುತ್ತದೆ. ಈಜುರೆಕ್ಕೆ ಬೀಸುತ್ತಾ ಮೊಟ್ಟೆ ಕಾಯುವುದು, ಹತ್ತಿರ ಬಂದದ್ದನ್ನೆಲ್ಲ ಅಟ್ಟುವುದು ಗಂಡಿನ ಪಾಲು. ಆ ರೋಷಕ್ಕೇ ಗಾಳವನ್ನೂ ಕಚ್ಚುತ್ತದೆ. ಎದೆ ತಾಮ್ರದ ಬಣ್ಣಕ್ಕೆ ತಿರುಗಿದ ದಪ್ಪ ಮೀನು ಸಿಕ್ಕರೆ ಅದೇ ಗೂಡಿನ ಯಜಮಾನ. ಇಂಥವೇ ಖಾಲಿಯಾದರೆ, ಪೈಪೋಟಿ ತಪ್ಪಿದ ಸಣ್ಣ ಗಂಡುಗಳು ಬೇಗ ಬಲಿತು, ಮೈ ಬೆಳೆಸುವ ಬದಲು ಸಂತಾನಕ್ಕಿಳಿಯುತ್ತವೆ. ಕೊನೆಗೆ ಕೆರೆ ತುಂಬ ಚಿಳ್ಳೆಪಿಳ್ಳೆ ಮೀನು. ಹಿಡಿಯಲು ರಾಜ್ಯದ ಸಾಮಾನ್ಯ ಮಿತಿ ದಿನಕ್ಕೆ 20 ಮೀನು ಇದ್ದರೂ ಕೆಲವು ಕೆರೆಗಳಲ್ಲಿ ಅದನ್ನು 10ಕ್ಕೋ 5ಕ್ಕೋ ಇಳಿಸಿರುವುದು ಇದಕ್ಕೇ.

ಸಾಮಾನು ಹಗುರವಿರಲಿ: 4 ಪೌಂಡ್ ಭಾರ ತಾಳುವ ದಾರ, 8 ಅಥವಾ 10ನೇ ನಂಬರಿನ ಕೊಕ್ಕೆ, ಆರೇಳು ಇಂಚು ಮೇಲೆ ಒಂದು ಪುಟ್ಟ ಸೀಸದ ಗುಂಡು. ಅಂಗಡಿಯವರು ಕೊಡುವ ಕೆಂಪು-ಬಿಳಿ ಉಂಡೆ ಬೆಂಡು ಬೇಡ. ಎಳೆಯುವಾಗ ಭಾರ ತಿಳಿದು ಮೀನು ಉಗುಳಿಬಿಡುತ್ತದೆ. ಕಡ್ಡಿಯಂಥ ಸಪೂರ ಬೆಂಡು ಮೇಲು. ಎರೆಹುಳ ಅರ್ಧ ಇಂಚು ಸಾಕು. ಇಡೀ ಹುಳ ಪೋಣಿಸಿದರೆ ಜೋತ ತುದಿಯನ್ನಷ್ಟೇ ಕಿತ್ತು ಓಡುತ್ತದೆ, ಬಾಯಿ ಅಷ್ಟು ಕಿರಿದು. ಮೀನನ್ನು ನೀರಿಗೆ ಬಿಡುವಾಗ ಕೈ ಒದ್ದೆಯಿರಲಿ, ಬೆನ್ನಮುಳ್ಳನ್ನು ತಲೆಯ ಕಡೆಯಿಂದ ಹಿಂದಕ್ಕೆ ಸವರಿ ಹಿಡಿಯಿರಿ. ಕೊಕ್ಕೆ ನುಂಗಿದ್ದರೆ ಕೀಳಲು ಹೋಗದೆ ದಾರ ಕತ್ತರಿಸಿ. ಹುರಿಯಲು ಏಳು ಇಂಚಿನವೇ ಸರಿ. ರವೆ ಹಚ್ಚಿದರೆ ಕೇಳುವುದೇ ಬೇಡ.

ನಮ್ಮ ಕಡೆಯ ಕೊರವ ಮೀನೂ ಹೀಗೇ ಮರಿ ಕಾಯುತ್ತದೆ. ಕೆಂಪು ಮರಿಗಳ ಗುಂಪು ನೀರ ಮೇಲೆ ಪುಟಿಯುವುದು ಕಂಡರೆ ಕೆಳಗೆ ದೊಡ್ಡದಿದೆ ಎಂದೇ ಲೆಕ್ಕ; ಅಲ್ಲಿಗೇ ಕಪ್ಪೆ ಕಟ್ಟಿದ ಗಾಳ ಇಳಿಸುವವನನ್ನು ಊರಲ್ಲಿ ಜಾಣ ಅನ್ನುತ್ತೇವೆ. ಆದರೆ ಕಾವಲು ತಪ್ಪಿದ ಮರಿಗಳನ್ನು ಉಳಿದ ಮೀನುಗಳು ಮುಕ್ಕಿಬಿಡುತ್ತವೆ. ಕಾಟ್ಲಾ, ರೋಹು ಕೆರೆಯ ನಿಂತ ನೀರಿನಲ್ಲಿ ಮರಿಮಾಡುವುದಿಲ್ಲ, ದುಡ್ಡು ಕೊಟ್ಟು ತಂದು ಬಿಡಬೇಕು. ಕೊರವಕ್ಕೆ ಆ ಖರ್ಚೂ ಇಲ್ಲ. ಮರಿಗಳು ಚದುರುವವರೆಗೆ ಆ ಜಾಗ ಬಿಟ್ಟು ಗಾಳ ಹಾಕಿದರಾಯಿತು.