ಎರಡು ಎಲೆಯ ನಡುವೆ

ನಮ್ಮ ಬಾಟನಿ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರೋ ಕೆಲಸ, ಮಾಡಿಸುತ್ತಿದ್ದೆ. ಫೋನ್ ಮಾಡಿದ್ದು ಅವರ ಮಗಳು. ಏಣಿ ಮೇಲಿದ್ದ ಆಳನ್ನು ಇಳಿಸಿ ಕೆಲಸ ನಿಲ್ಲಿಸಿದೆ. ಆ ದಿನ ಇನ್ನೊಂದು ಕೊಂಬೆ ಕಡಿಸೋಕೆ ಮನಸ್ಸು ಬರಲಿಲ್ಲ.

ನಾನು ಹಾಸನದಲ್ಲಿ ಬಿ.ಎಸ್ಸಿ. ಓದಿದ್ದು 1982ರಿಂದ 85ರವರೆಗೆ. ಆಗ ಕಲಿತ ಕೆಮಿಸ್ಟ್ರಿ ಒಂದು ಸಾಲೂ ಈಗ ನೆನಪಿಲ್ಲ. ಸಾರ್ ಮಾತ್ರ ನಿನ್ನೆ ಕ್ಲಾಸಿಗೆ ಬಂದು ಹೋದಷ್ಟು ಸ್ಪಷ್ಟವಾಗಿ ಕಾಣುತ್ತಾರೆ. ಖಾದಿ ಜುಬ್ಬ, ಹೆಗಲಿಗೆ ಬಟ್ಟೆಯ ಚೀಲ. ನಮ್ಮ ಕಡೆ ಕೊರಳಿಗೆ ಲಿಂಗದ ಕರಡಿಗೆ ಕಟ್ಟಿಕೊಳ್ಳುತ್ತಾರಲ್ಲ, ಹಾಗೆ ಕಪ್ಪು ದಾರದಲ್ಲಿ ಒಂದು ಪುಟ್ಟ ಲೆನ್ಸ್ ಕಟ್ಟಿಕೊಂಡಿದ್ದರು. ಗಿಡದ ಹತ್ತಿರ ಹೋದರೆ ಮೊದಲು ಕೈ ಮುಗಿಯೋರು, ಆಮೇಲೆ ಲೆನ್ಸ್ ಹಿಡಿಯೋರು. ದೇವರಕಾಡಿನ ಅಂಚಿಗೆ ಬಂದರೆ ಚಪ್ಪಲಿ ಬಿಟ್ಟು ಒಳಗೆ ಹೋಗೋರು. ಜಿಗಣೆ ಇರಲಿ, ಮುಳ್ಳಿರಲಿ, ಬರಿಗಾಲೇ.

ರಜೆ ಸಿಕ್ಕರೆ ಸಾರ್ ಮನೇಲಿ ಇರುತ್ತಿರಲಿಲ್ಲ. ಅರಸೀಕೆರೆಯ ಒಣಗುಡ್ಡದಲ್ಲಿ ಒಂದು ವಾರ, ಬಿಸಿಲೆ ಘಾಟಿಯಲ್ಲಿ ಒಂದು ವಾರ, ಬಾಬಾಬುಡನ್‌ಗಿರಿಯ ಹುಲ್ಲುಗಾವಲಲ್ಲಿ ಒಂದು ವಾರ. ಕೆಂಪು ಬಸ್ಸು ಹೋಗುವಷ್ಟು ದೂರ ಬಸ್ಸಲ್ಲಿ, ಆಮೇಲೆ ನಡಿಗೆ. ಬೆಳಗಿನ ಜಾವ ಎದ್ದು, ಜಪ ಮುಗಿಸಿ, ಹಿಂದಿನ ದಿನ ಕಂಡ ಗಿಡದ ಬಗ್ಗೆ ಎರಡು ಪುಟ ಬರೆಯೋರು. ಅದರಲ್ಲಿ ಎಲೆಯ ಅಳತೆಯೂ ಇರುತ್ತಿತ್ತು, ಪ್ರಾರ್ಥನೆಯೂ ಇರುತ್ತಿತ್ತು. ಎಲ್ಲಿ ಅಳತೆ ಮುಗಿದು ಎಲ್ಲಿ ಪ್ರಾರ್ಥನೆ ಶುರುವಾಯಿತು ಅಂತ ಗೊತ್ತಾಗುತ್ತಿರಲಿಲ್ಲ.

ಅವರ ಚೀಲದಲ್ಲಿ ಒಂದು ದಪ್ಪ ಪುಸ್ತಕ ಯಾವಾಗಲೂ ಇರುತ್ತಿತ್ತು. ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’, ಒಂಬೈನೂರು ಪುಟಕ್ಕೂ ಜಾಸ್ತಿ. 1976ರಲ್ಲಿ ಬಂದದ್ದು. ಫಾದರ್ ಸೆಸಿಲ್ ಸಲ್ಡಾನಾ ಅವರೂ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಅವರೂ ಸೇರಿ ಸಂಪಾದಿಸಿದ ಪುಸ್ತಕ. ಸಲ್ಡಾನಾ ಜೆಸ್ಯೂಟ್ ಪಾದ್ರಿ, ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದರು. ನಮ್ಮ ಜಿಲ್ಲೆಯ ಗಿಡಮರ, ಹುಲ್ಲು, ಜೊಂಡು ಎಲ್ಲದಕ್ಕೂ ಲೆಕ್ಕ ಇಟ್ಟ ಪುಸ್ತಕ ಅದು. ನಾವು ದಿನಾ ತುಳಿದುಕೊಂಡು ಓಡಾಡುತ್ತಿದ್ದ ಹುಲ್ಲಿಗೂ ಅದರಲ್ಲಿ ಜಾಗ ಇತ್ತು. ಅದನ್ನು ನೋಡಿದ ದಿನ ನನಗೆ ನಮ್ಮ ಊರಿನ ಮೇಲೆ ಹೊಸದಾಗಿ ಅಭಿಮಾನ ಬಂತು.

‘ದೇವರ ಕೆಲಸಕ್ಕೆ ಬಂದವರು ಹುಲ್ಲಿನ ಲೆಕ್ಕ ಯಾಕೆ ಬರೆದರು ಸಾರ್?’ ಅಂತ ನಾನೇ ಕೇಳಿದ್ದೆ. ಸಾರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಎರಡೂ ಬೇರೆ ಕೆಲಸ ಅಂತ ನಿನಗ್ಯಾರು ಹೇಳಿದರಯ್ಯಾ?’ ಅಂದರು.

ಎರಡನೇ ವರ್ಷ ಸೆಪ್ಟೆಂಬರಿನಲ್ಲಿ ಎಡಕುಮೇರಿಗೆ ಹೋದೆವು. ಹಾಸನ–ಮಂಗಳೂರು ರೈಲು 1979ರಲ್ಲಿ ಶುರುವಾಗಿತ್ತು, ಆಗಿನ್ನೂ ಮೀಟರ್ ಗೇಜ್. ಸಕಲೇಶಪುರ ದಾಟಿದ ಮೇಲೆ ನಾವು ಹುಡುಗರು ಸುರಂಗ ಎಣಿಸುತ್ತಿದ್ದೆವು. ಸಾರ್ ಒಂದು ಸುರಂಗಕ್ಕೂ ಇನ್ನೊಂದಕ್ಕೂ ನಡುವೆ ಕಿಟಕಿಯಾಚೆ ಕಂಡ ಮರಗಳ ಹೆಸರು ಹೇಳುತ್ತಿದ್ದರು. ಇಳಿದ ಮೇಲೆ ಮರದ ಕೊಂಬೆಗೆ ಅಂಟಿಕೊಂಡ ಬೆರಳುದ್ದದ ಒಂದು ಸೀತಾಳೆ (ಆರ್ಕಿಡ್) ಜಾತಿಯ ಗಿಡ ತೋರಿಸಿದರು. ಸ್ಮಿತ್ಸೋನಿಯ ಅಂತ ಹೆಸರು. 1974ರಲ್ಲಿ ಈ ಕುಲಕ್ಕೆ ಹೆಸರಿಟ್ಟವರು ಇದೇ ಸಲ್ಡಾನಾ. ಎಲ್ಲರೂ ಸರದಿಯಲ್ಲಿ ನಿಂತು ಲೆನ್ಸಿನಲ್ಲಿ ನೋಡಿದೆವು. ಒಂದನ್ನೂ ಕೀಳಲು ಬಿಡಲಿಲ್ಲ.

ಬೇರೆ ಗಿಡಗಳ ಕಡ್ಡಿ ತಂದು, ಒಣಗಿಸಿ, ಶೀಟಿಗೆ ಅಂಟಿಸಿ ಸಾರ್‌ಗೆ ತೋರಿಸಬೇಕಿತ್ತು. ನನಗೂ ಗೆಳೆಯನಿಗೂ ಕೇಪಳದ ಗಿಡ ಪಾಲಿಗೆ ಬಂದಿತ್ತು. ಪೇಪರಿನ ನಡುವೆ ಗಿಡ ಇಟ್ಟು ಒತ್ತುವ ಪ್ರೆಸ್‌ನಲ್ಲಿಟ್ಟು, ದಿನಾ ಪೇಪರ್ ಬದಲಿಸಿ ಒಣಗಿಸಬೇಕು. ಮಳೆಗಾಲವಾದ್ದರಿಂದ ಪೇಪರನ್ನು ಬಚ್ಚಲೊಲೆ ಹತ್ತಿರ ಬೆಚ್ಚಗೆ ಮಾಡಿಕೊಳ್ಳಿ ಅಂತ ಹೇಳಿದ್ದರು. ನಾವು ಮೂರು ದಿನ ಸಿನಿಮಾ, ಕ್ರಿಕೆಟ್ ಅಂತ ಮರೆತೆವು. ತೆಗೆದು ನೋಡಿದರೆ ಕಡ್ಡಿ, ಎಲೆ ಎಲ್ಲಾ ಬೂಸ್ಟು. ಕೆಂಪು ಗೊಂಚಲು ಮಾತ್ರ ಹೇಗೋ ಉಳಿದಿತ್ತು. ಹಾಸ್ಟೆಲ್ ಹಿತ್ತಲಲ್ಲಿ ದುಂಡುಮಲ್ಲಿಗೆ ಇತ್ತು. ಅದಕ್ಕೂ ಎಲೆ ಎದುರುಬದುರು. ಅದರದೊಂದು ಕಡ್ಡಿ ಮುರಿದು, ಒಣಗಿಸಿ, ತುದಿಗೆ ಕೇಪಳದ ಹೂ ಸೇರಿಸಿ ಅಂಟಿಸಿದೆವು. ಗೋಂದು ಕೊಟ್ಟಿದ್ದು ಲ್ಯಾಬಿನ ಅಟೆಂಡರ್ ಅಣ್ಣ. ಪಾಪ, ಅವರಿಗೆ ವಿಷಯ ಗೊತ್ತಿರಲಿಲ್ಲ.

ಸಾರ್ ಹೂವಿನ ಕಡೆ ನೋಡಲೇ ಇಲ್ಲ. ಲೆನ್ಸ್ ನೇರ ಎಲೆ ಹುಟ್ಟುವ ಗಿಣ್ಣಿನ ಮೇಲೆ ಹೋಯಿತು. ಆಮೇಲೆ ಕಿಟಕಿ ಪಕ್ಕದ ಕುಂಡದಿಂದ ಕಾಫಿಯ ಒಂದು ರೆಕ್ಕೆ, ಅಂದರೆ ಅಡ್ಡರೆಂಬೆ, ಮುರಿದು ತಂದು ನನ್ನ ಕೈಗಿತ್ತರು. ‘ನಿಮ್ಮನೇಲಿ ಎಷ್ಟು ಎಕರೆ ಕಾಫಿ ಇದೆ?’ ಅಂದರು. ಹೇಳಿದೆ. ‘ಹುಟ್ಟಿದಾಗಿನಿಂದ ನೋಡ್ತಾ ಇದ್ದೀಯ. ಈಗ ಒಂದು ಸಲ ನೋಡು.’

ಎರಡು ಎಲೆಯ ತೊಟ್ಟಿನ ನಡುವೆ, ಕಡ್ಡಿಗೆ ಅಂಟಿಕೊಂಡು, ಅಕ್ಕಿನುಚ್ಚಿನಷ್ಟು ಚಿಕ್ಕ ಒಂದು ಮುಕ್ಕೋನ. ತುದಿ ಚೂಪು. ಈ ಕಡೆ ಒಂದು, ಆ ಕಡೆ ಒಂದು. ಅದಕ್ಕೆ ಸ್ಟಿಪ್ಯೂಲ್ ಅಂತ ಹೆಸರು. ಕಾಫಿಗೂ ಇದೆ, ಕೇಪಳಕ್ಕೂ ಇದೆ, ಎರಡೂ ರೂಬಿಯೇಸಿ ಕುಟುಂಬ. ಮಲ್ಲಿಗೆಗೆ ಇಲ್ಲ. ನಮ್ಮ ಶೀಟಿನಲ್ಲಿ ಆ ಜಾಗ ನುಣ್ಣಗಿತ್ತು.

ಬೈಯಲಿಲ್ಲ. ಪೆನ್ನು ಕೊಟ್ಟು ಲೇಬಲ್ ಬರೆಸಿದರು. ‘ಹೂ: ಎಡಕುಮೇರಿ. ಎಲೆ: ಹಾಸ್ಟೆಲ್ ಹಿತ್ತಲು.’ ಕೆಳಗೆ ಇಬ್ಬರ ಸಹಿ. ‘ಈ ಹಾಳೆ ಇನ್ನೂರು ವರ್ಷ ಇರುತ್ತೆ ಕಣ್ರೋ. ಆಗ ನೋಡೋನು ನಿಮ್ಮನ್ನ ನಂಬಿಕೊಂಡೇ ನೋಡ್ತಾನೆ’ ಅಂದರು. ಮುಂದಿನ ಭಾನುವಾರ ಸ್ವಂತ ದುಡ್ಡಲ್ಲಿ ಟಿಕೆಟ್ ತೆಗೆದು ನಮ್ಮಿಬ್ಬರನ್ನು ಮತ್ತೆ ಎಡಕುಮೇರಿಗೆ ಕರೆದುಕೊಂಡು ಹೋದರು.

ಈಗಿನ ಮಕ್ಕಳು ಜಾಣರು. ನನ್ನ ಅಣ್ಣನ ಮೊಮ್ಮಗಳು ಫೋನಿನಲ್ಲಿ ಫೋಟೋ ತೆಗೆದು ಗಿಡದ ಹೆಸರು ಹೇಳುತ್ತಾಳೆ, ನನಗೂ ಸಂತೋಷ. ಆದರೆ ಕಾಡಿಗೆ ಕರೆದುಕೊಂಡು ಹೋಗೋರು ಯಾರು? ಪರ್ಮಿಷನ್ ಇಲ್ಲ, ಪೋರ್ಷನ್ ಮುಗಿದಿಲ್ಲ ಅಂತಾರೆ. ರೆಕಾರ್ಡ್ ಬುಕ್ಕಿನ ಚಿತ್ರವನ್ನೂ ಅಚ್ಚು ಹಾಕಿಯೇ ಕೊಡ್ತಾರಂತೆ. ಮಕ್ಕಳ ತಪ್ಪಲ್ಲ ಇದು, ಅಲ್ವಾ?

ನನ್ನ ತೋಟದ ವಿಚಾರ ಹೇಳಬೇಕು. ಸುತ್ತಮುತ್ತ ಎಲ್ಲರೂ ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕಿದಾಗಲೂ ನಾನು ತೆಗೆಯಲಿಲ್ಲ. ನಂದಿ, ಮತ್ತಿ, ಬೀಟೆ, ಹೆಬ್ಬಲಸು, ಅತ್ತಿ, ಒಟ್ಟು 43 ಜಾತಿ ಇವೆ. ಒಂದೊಂದರ ಹೆಸರೂ ಬಲ್ಲೆ. ನಮ್ಮ ಹೋಬಳಿಯಲ್ಲಿ ಹಾಗೆ ಹೇಳಬಲ್ಲವರು ಜಾಸ್ತಿ ಜನ ಇಲ್ಲ. ಒಮ್ಮೆ ಸಾರ್ ಬಂದು ದಿನವಿಡೀ ಓಡಾಡಿ ಎಲ್ಲಾ ನೋಡಿದರು. ಹೊರಡುವಾಗ ನನ್ನ ಬೆನ್ನು ತಟ್ಟಿದರು. ಅದಕ್ಕಿಂತ ದೊಡ್ಡ ಬಹುಮಾನ ನನಗೆ ಬಂದಿಲ್ಲ.

ಹದಿಮೂರನೇ ದಿನ ಊಟ ಆದ ಮೇಲೆ ಅವರ ಮಗಳು ಬೀರುವಿನಿಂದ ಒಂದು ಕಟ್ಟು ತಂದು ಕೊಟ್ಟಳು. ಮೇಲೆ ನನ್ನ ಹೆಸರು, ಸಾರ್ ಕೈಬರಹ. ಒಳಗೆ ಎರಡು ಶೀಟು. ಒಂದು ನಮ್ಮ ಮಲ್ಲಿಗೆ ಎಲೆಯ ಕೇಪಳ, ಗೋಂದು ಹಳದಿಯಾಗಿತ್ತು. ಇನ್ನೊಂದು ಆ ಭಾನುವಾರ ತಂದದ್ದು. ಹೂವಿನ ಬಣ್ಣ ಹೋಗಿ ಕಾಫಿಪುಡಿ ಬಣ್ಣಕ್ಕೆ ತಿರುಗಿತ್ತು. ಕಟ್ಟಿನ ಜೊತೆ ಲೆನ್ಸೂ ಇತ್ತು, ಅದೇ ಕಪ್ಪು ದಾರ. ಜಗಲಿಯ ಬೆಳಕಿಗೆ ಬಂದು ಕೂತು ಗಿಣ್ಣಿನ ಮೇಲೆ ಹಿಡಿದೆ. ಮುಕ್ಕೋನ ಹಾಗೇ ಇತ್ತು, ತುದಿ ಕೂಡ ಮುರಿದಿರಲಿಲ್ಲ.