ಆಗುಂಬೆ ಮಳೆಗೆ ಅಂಬಾಸಿಡರ್ ವೈಪರ್ ಸಜ್ಜು ಮಾಡಿದ ಕತೆ

ನಮ್ಮ ಮನೆಯ ಅಂಬಾಸಿಡರ್ 1972ರ ಮಾರ್ಕ್ ಟು. ಇಂಜಿನ್ ಗಟ್ಟಿಯಾಗಿದೆ, ಬ್ರೇಕ್ ಚೆನ್ನಾಗಿದೆ. ಆದರೂ ಜೂನ್ ಬಂತು ಅಂದರೆ ಕಾರು ಶೆಡ್ ಸೇರುತ್ತಿತ್ತು. ಕಾರಣ ವೈಪರ್. ನಾವಿರುವುದು ತೀರ್ಥಹಳ್ಳಿ ಕಡೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಆಗುಂಬೆ ಇಲ್ಲೇ ಪಕ್ಕದಲ್ಲಿದೆ. ಆರಿದ್ರೆ ಮಳೆ ಹಿಡಿದರೆ ಗಾಜಿನ ಮೇಲೆ ಹನಿ ಕಾಣುವುದಿಲ್ಲ, ನೀರು ಹರಿಯುವುದಷ್ಟೇ ಕಾಣುತ್ತದೆ. ನಮ್ಮ ವೈಪರ್ ಒಂದು ಸಲ ಆಚೆ ಹೋಗಿ ಈಚೆ ಬರುವಷ್ಟರಲ್ಲಿ ರಸ್ತೆ ಮಾಯ.

ಹಳೇ ಡ್ರೈವರ್‌ಗಳು ಇದಕ್ಕೊಂದು ಉಪಾಯ ಹೇಳುತ್ತಾರೆ. ಬೀಡಿ ಬಿಚ್ಚಿ, ಒಳಗಿನ ಹೊಗೆಸೊಪ್ಪನ್ನು ಒದ್ದೆ ಗಾಜಿಗೆ ಉಜ್ಜುವುದು. ನೀರು ಹನಿಹನಿಯಾಗಿ ನಿಲ್ಲದೆ ತೆಳ್ಳಗೆ ಹರಡುತ್ತದೆ, ಸ್ವಲ್ಪ ಹೊತ್ತು ದಾರಿ ಕಾಣುತ್ತದೆ. ವೈಪರ್ ಕೆಟ್ಟು ನಿಂತಾಗ ಮನೆ ಸೇರಲು ಅದು ಸಾಕು. ಅತ್ತೆಯನ್ನು ಕಣ್ಣಿನ ತಪಾಸಣೆಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗಲು ಸಾಲದು. ಆ ತಪಾಸಣೆಯ ದಿನಾಂಕ ಜುಲೈನಲ್ಲೇ ಬಿದ್ದಿತ್ತು. ಅತ್ತೆಗೆ ಈ ಕಾರೇ ಆಗಬೇಕು. ಸೀಟು ಎತ್ತರ, ಕಾಲು ಚಾಚಿ ಕೂರಬಹುದು. ಹಾಗಾಗಿ ಮೇ ತಿಂಗಳಲ್ಲೇ ಕಾರನ್ನು ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದೆ. ಅವರನ್ನು ಎಲ್ಲರೂ ಮೇಸ್ತ್ರಿ ಅಂತಲೇ ಕರೆಯುವುದು.

"ಮೇಸ್ತ್ರಿ, ಇದಕ್ಕೆ ಎರಡು ಸ್ಪೀಡಿನ ಮೋಟಾರ್ ಹಾಕಿ ಬಿಡಿ" ಅಂದೆ.

"ಹಾಕುವ ಮಾರಾಯ್ರೆ. ಮೊದಲು ಈಗ ಇರೋ ಮೋಟಾರ್ ಯಾಕೆ ಸೋಲ್ತದೆ ಅಂತ ನೋಡುವ. ಇಲ್ಲಾಂದ್ರೆ ಹೊಸದೂ ಸೋಲ್ತದೆ."

ಆ ದಿನದ ಮುಕ್ಕಾಲು ಪಾಲು ಹೋದದ್ದು ಈ ನೋಡುವುದರಲ್ಲೇ. ಅಷ್ಟು ಹೊತ್ತು ಕೊಟ್ಟದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಈ ಕಾರಿನಲ್ಲಿ ಮೋಟಾರ್ ತಾನೇ ವೈಪರ್ ತಿರುಗಿಸುವುದಿಲ್ಲ. ಮೋಟಾರ್‌ನಿಂದ ಒಂದು ಸಣ್ಣ ಲೋಹದ ಪೈಪು ಹೊರಡುತ್ತದೆ. ಅದರೊಳಗೆ ಸ್ಕ್ರೂನಂತೆ ತಂತಿ ಸುತ್ತಿದ ಕೇಬಲ್ ಹಿಂದೆ ಮುಂದೆ ಓಡುತ್ತದೆ. ಒಂದೊಂದು ವೈಪರಿನ ಬುಡದಲ್ಲಿ ಒಂದು ಹಲ್ಲುಚಕ್ರ. ಕೇಬಲ್ ಎಳೆದಾಗ ಚಕ್ರ ಒಂದು ಕಡೆ ತಿರುಗುತ್ತದೆ, ತಳ್ಳಿದಾಗ ವಾಪಸ್ ಬರುತ್ತದೆ. ಮೇಸ್ತ್ರಿ ಕೇಬಲನ್ನು ಕೈಯಲ್ಲಿ ಎಳೆದು ತೋರಿಸಿದರು. ಅಲುಗಲೇ ಇಲ್ಲ. ಗ್ರೀಸ್ ಒಣಗಿ ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ಎಲ್ಲ ತೊಳೆದು, ಪೈಪಿನ ಒಳಗೆ ಬಟ್ಟೆ ಎಳೆದು, ಹೊಸ ಗ್ರೀಸ್ ಹಚ್ಚಿದ ಮೇಲೆ ಅದೇ ಕೇಬಲ್ ಎರಡು ಬೆರಳಲ್ಲಿ ಜಾರಿತು.

ಆಮೇಲೆ ಕರೆಂಟು. ಮಲ್ಟಿಮೀಟರ್ ಹಿಡಿದರು. ಬ್ಯಾಟರಿಯಲ್ಲಿ 12.5 ವೋಲ್ಟ್. ಹೆಡ್‌ಲೈಟ್ ಹಾಕಿ ವೈಪರ್ ಓಡಿಸಿದರೆ ಮೋಟಾರ್ ಹತ್ತಿರ ಬರೀ 10. ಉಳಿದದ್ದು ಐವತ್ತು ವರ್ಷದ ವೈರಿನಲ್ಲಿ, ಸ್ವಿಚ್ಚಿನಲ್ಲಿ, ತುಕ್ಕು ಹಿಡಿದ ಅರ್ಥಿಂಗಿನಲ್ಲಿ ಸೋರಿ ಹೋಗುತ್ತಿತ್ತು. ಈ ಮೋಟಾರ್ ರಬ್ಬರ್ ಬುಷ್ ಮೇಲೆ ಕೂರುತ್ತದೆ. ಕಾರಿನ ಲೋಹದ ಮೈಗೆ ನೇರ ತಾಗುವುದಿಲ್ಲ, ಹಾಗಾಗಿ ಅರ್ಥ್‌ಗೆ ಬೇರೆ ವೈರ್ ಬೇಕೇ ಬೇಕು. ಪೇಂಟ್ ಕೆರೆದು ದಪ್ಪ ಅರ್ಥ್ ವೈರ್ ಕೂರಿಸಿದರು. ಬ್ಯಾಟರಿಯಿಂದ ಫ್ಯೂಸ್ ಹಾಕಿ ನೇರ ಲೈನ್ ಎಳೆದರು, ನಡುವೆ ರಿಲೇ ಇಟ್ಟರು, ಅಂದರೆ ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟು ಬಿಡುವ ಸ್ವಿಚ್ಚು. ಡ್ಯಾಶ್ ಬೋರ್ಡಿನ ಹಳೇ ಸ್ವಿಚ್ ಅಲ್ಲೇ ಉಳಿಯಿತು. ಅದೀಗ ರಿಲೇಗೆ ಸನ್ನೆ ಕೊಡುತ್ತದೆ, ಅಷ್ಟೇ.

ಡೈನಮೋದ ಪ್ರಶ್ನೆಯೂ ಇತ್ತು. ಇಂಜಿನ್ ನಿಧಾನಕ್ಕೆ ಓಡುವಾಗ ಡೈನಮೋ ಹೆಚ್ಚುಕಡಿಮೆ ಚಾರ್ಜ್ ಮಾಡುವುದೇ ಇಲ್ಲ. ಘಾಟಿಯಲ್ಲಿ ಎದುರು ಮಿನಿಬಸ್ ಬಂತು, ತಿರುವಿನಲ್ಲಿ ನಿಂತು ಕಾಯಬೇಕು ಅನ್ನಿ. ಲೈಟು ಮಂಕಾಗುತ್ತದೆ, ವೈಪರ್ ತೆವಳುತ್ತದೆ. ಕಣ್ಣು ಜಾಸ್ತಿ ಬೇಕಾದದ್ದು ಅಲ್ಲೇ ಅಲ್ವಾ? ಅದರ ಜಾಗಕ್ಕೆ, ಇಂಜಿನ್ ನಿಧಾನಕ್ಕೆ ಓಡುವಾಗಲೂ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಾಕಿಸಿದೆ. ಹಳೇ ಕಾರಿನ ಮೂಲರೂಪ ಕೆಡಬಾರದು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಮಳೆಯಲ್ಲಿ ಓಡದ ಕಾರಿನ ಮೂಲರೂಪ ಇಟ್ಟುಕೊಂಡು ಮಲೆನಾಡಿನಲ್ಲಿ ಏನು ಮಾಡುವುದು? ಡೈನಮೋವನ್ನು ಎಣ್ಣೆ ಸವರಿ, ಸುತ್ತಿ, ಅಟ್ಟದಲ್ಲಿ ಇಟ್ಟಿದ್ದೇನೆ.

ಎರಡು ಸ್ಪೀಡಿನ ಮೋಟಾರ್ ಕೂತದ್ದು ಕೊನೆಗೆ. ಬ್ರಾಕೆಟ್ ಹೊಂದಲಿಲ್ಲ, ತಗಡು ಕತ್ತರಿಸಿ ಹೊಸದು ಮಾಡಿದರು. ಗಾಜಿಗೆ ಪೈಪಿನಲ್ಲಿ ನೀರು ಬಿಟ್ಟು ವಾಚ್ ಹಿಡಿದು ಎಣಿಸಿದೆವು. ಒಣ ಗಾಜಿನ ಮೇಲೆ ಓಡಿಸಿದರೆ ರಬ್ಬರೂ ಹಾಳು, ಲೆಕ್ಕವೂ ಸುಳ್ಳು. ಜೋರು ಸ್ಪೀಡಿನಲ್ಲಿ ನಿಮಿಷಕ್ಕೆ 60 ಸಲ ಬಂತು. ಅಮೆರಿಕದ ನಿಯಮದಲ್ಲಿ ಜೋರು ಸ್ಪೀಡಿಗೆ ಕನಿಷ್ಠ 45 ಅಂತ ಇದೆ. ನಮಗೆ ಧಾರಾಳವಾಯಿತು.

ಬ್ಲೇಡ್ ಮಾತ್ರ ಹಳೇ ಮಾದರಿಯದ್ದನ್ನೇ ಹಾಕಿಸಿದೆವು, ರಬ್ಬರ್ ಹೊಸದು. ಬ್ಲೇಡ್ ಹಿಡಿಯುವ ಆರ್ಮ್ ಸ್ವಲ್ಪ ತಿರುಚಿಕೊಂಡಿದ್ದರೂ ರಬ್ಬರಿನ ಅಂಚು ಒಂದೇ ಕಡೆ ಮಲಗಿಬಿಡುತ್ತದೆ. ಹೋಗುವಾಗ ಒರೆಸುತ್ತದೆ, ಬರುವಾಗ ಕುಣಿಯುತ್ತದೆ. ಮೇಸ್ತ್ರಿ ಎರಡು ಪ್ಲೇಯರ್ ಹಿಡಿದು ಅದನ್ನು ನೇರ ಮಾಡಿದ ನಾಜೂಕು ನೋಡಬೇಕಿತ್ತು. ಸ್ಪ್ರಿಂಗೂ ಬದಲಾಯಿಸಿದರು.

ಜುಲೈನಲ್ಲಿ ಪುನರ್ವಸು ಮಳೆ. ಬೆಳಿಗ್ಗೆ ಆಗುಂಬೆ ದಾಟುವಾಗಲೇ ಹೆಡ್‌ಲೈಟ್ ಹಾಕಿದ್ದೆ. ಘಾಟಿಯ 14 ತಿರುವುಗಳಲ್ಲೂ ಮಳೆ ಒಂದು ಕ್ಷಣ ಬಿಡಲಿಲ್ಲ. ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ಮಿನಿಬಸ್ಸಿಗೆ ದಾರಿ ಬಿಟ್ಟು ನಿಂತೆವು. ವೈಪರ್ ಅದೇ ಸ್ಪೀಡಿನಲ್ಲಿ ಓಡುತ್ತಲೇ ಇತ್ತು. ಗಾಜಿನಾಚೆ ತಡೆಗೋಡೆಯ ಕಪ್ಪು ಬಿಳಿ ಪಟ್ಟಿ ಸ್ಪಷ್ಟವಾಗಿ ಕಂಡಿತು. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

"ಹೊರಗೆ ಚೆನ್ನಾಗಿ ಒರೆಸ್ತದೆ ಮಗಾ, ಒಳಗೆ ನಾನೇ ಒರೆಸಬೇಕಲ್ಲ" ಅಂದರು ಅತ್ತೆ. ಸೋಮೇಶ್ವರ ಇಳಿಯುವವರೆಗೂ ಅವರ ಕೈಯಲ್ಲಿ ಬಟ್ಟೆ ಇತ್ತು. ಒಳಗಿನ ಆವಿಗೆ ಬಿಸಿಗಾಳಿ ಬೇಕು, ನಮ್ಮ ಕಾರಿನಲ್ಲಿ ಹೀಟರ್ ಇಲ್ಲ. ಗಾಜಿನ ಬುಡಕ್ಕೆ ಗಾಳಿ ಊದುವ ಸಣ್ಣ ಬ್ಲೋವರ್ ಕೂರಿಸಬಹುದು ಅಂತ ಮೇಸ್ತ್ರಿ ಹೇಳಿದ್ದಾರೆ. ಆಲ್ಟರ್ನೇಟರ್ ಇರುವುದರಿಂದ ಕರೆಂಟಿಗೆ ಬರವಿಲ್ಲ. ಆ ಕೆಲಸಕ್ಕೆ ದೀಪಾವಳಿ ಕಳೆದ ಮೇಲೆ ಬರಲು ಹೇಳಿದ್ದಾರೆ.