ನೆಲ ಒಣಗಿತ್ತು

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಫೋನ್ ಬಂತು. ಆ ಕಡೆಯವನು ತನ್ನ ಹೆಸರು ಹೇಳುವ ಮೊದಲೇ ಹೇಳಿದ್ದು ಇಷ್ಟು: "ಸಾರ್, ಗಾಡಿ ನೋಡೋಕೆ ಬರ್ತಿದೀನಿ. ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ."

ಆಗ ನಾನು ಬಾನೆಟ್ ಎತ್ತಿ ಗಾಡಿಯ ಮುಂದೆ ನಿಂತಿದ್ದೆ. ಎಡಗೈಯಲ್ಲಿ ಫೋನು. ಬಲಗೈಯಲ್ಲಿ ಒಂದು ಬಾಟಲಿ, ಇನ್ನೂ ಸೀಲ್ ಒಡೆದಿರಲಿಲ್ಲ.

ಗಾಡಿ 14 ವರ್ಷ ಹಳೆಯ ಪೆಟ್ರೋಲ್ ಸೆಡಾನ್. 1,62,000 ಕಿಲೋಮೀಟರ್ ಓಡಿತ್ತು. ನಾನು ಅದರ ಮೂರನೇ ಮಾಲೀಕ. ಮೂರು ವರ್ಷದ ಹಿಂದೆ ಒಬ್ಬ ಹಿರಿಯರಿಂದ ಕೊಂಡಿದ್ದೆ. ತುಂಬಾ ಮರ್ಯಾದಸ್ಥರು, ಮಾತೂ ಮೆತ್ತಗೆ. ನಾನು ಹೋದಾಗ ಇಂಜಿನ್ ಬೆಚ್ಚಗಿತ್ತು. "ಈಗಷ್ಟೇ ಪೆಟ್ರೋಲ್ ಹಾಕಿಸ್ಕೊಂಡು ಬಂದೆ" ಅಂದರು. ಎಷ್ಟು ಒಳ್ಳೆಯವರು, ಟ್ಯಾಂಕ್ ತುಂಬಿಸಿ ಕೊಡ್ತಿದಾರಲ್ಲ ಅಂದುಕೊಂಡೆ. ಬೇರೆ ಯೋಚನೆಯೇ ಬರಲಿಲ್ಲ.

ಎರಡು ವರ್ಷ ಗಾಡಿ ಏನೂ ತೊಂದರೆ ಕೊಡಲಿಲ್ಲ. ಆಮೇಲೆ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಕಡಿಮೆಯಾಗತೊಡಗಿತು. ಮೊದಲು ತಿಂಗಳಿಗೊಮ್ಮೆ ಒಂದಿಷ್ಟು ಹಾಕಿದರೆ ಸಾಕಿತ್ತು. ಕೊನೆಕೊನೆಗೆ 300 ಕಿಲೋಮೀಟರಿಗೆ ಅರ್ಧ ಲೀಟರ್. ಬೆಳಿಗ್ಗೆ ಸೆಲ್ಫ್ ಹೊಡೆದರೆ ನಾಲ್ಕೈದು ಸೆಕೆಂಡು ಇಂಜಿನ್ ತಡವರಿಸುವ ಮಿಸ್ಸಿಂಗ್, ಹಿಂದಿನಿಂದ ಬಿಳಿ ಹೊಗೆ. ಒಂದು ನಿಮಿಷ ಕಳೆದರೆ ಏನೂ ಆಗಿಲ್ಲ ಎಂಬ ಹಾಗೆ ಓಡುತ್ತಿತ್ತು. ಈ ಕಾಯಿಲೆಯ ಕಷ್ಟ ಇದೇ ನೋಡಿ. ಗಾಡಿ ಪೂರ್ತಿ ನಿಂತುಬಿಟ್ಟರೆ ಮನುಷ್ಯ ಒಂದು ತೀರ್ಮಾನಕ್ಕೆ ಬರುತ್ತಾನೆ. ಓಡುತ್ತಲೇ ಇದ್ದರೆ ಮುಂದಿನ ತಿಂಗಳು ನೋಡೋಣ ಅನ್ನುತ್ತಾನೆ.

ನಮ್ಮ ಮೆಕ್ಯಾನಿಕ್ ನಾಲ್ಕು ಸ್ಪಾರ್ಕ್ ಪ್ಲಗ್ಗನ್ನೂ ಬಿಚ್ಚಿ ಒಂದು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಮೂರು ಕಂದು ಬಣ್ಣ. ಮೂರನೇ ಸಿಲಿಂಡರಿನದು ಮಾತ್ರ ಈಗಷ್ಟೇ ತೊಳೆದಿಟ್ಟ ಹಾಗೆ ಬೆಳ್ಳಗಿತ್ತು. "ಒಳಗೆ ನೀರು ಹೋಗಿ ಆವಿಯಾಗಿ ತೊಳೀತಿದೆ" ಅಂದರು. ಆಮೇಲೆ ನೀಲಿ ದ್ರವ ಹಾಕಿದ ಒಂದು ಕೊಳವೆಯನ್ನು ರೇಡಿಯೇಟರ್ ಬಾಯಿಗಿಟ್ಟು, ಇಂಜಿನ್ ಓಡುವಾಗ ಅಲ್ಲಿನ ಗಾಳಿಯನ್ನು ಎಳೆದರು. ನೀಲಿ ನಿಧಾನಕ್ಕೆ ಹಳದಿಗೆ ತಿರುಗಿತು. ಸಿಲಿಂಡರಿನಲ್ಲಿ ಸುಟ್ಟ ಗಾಳಿ ಕೂಲಂಟಿಗೆ ಸೇರುತ್ತಿದೆ ಅಂತ ಅದರ ಅರ್ಥ. ಹೆಡ್ ಗ್ಯಾಸ್ಕೆಟ್ ಹೋಗಿತ್ತು.

ನಮ್ಮ ಗಾಡಿಯ ಇಂಜಿನ್ನಿನಲ್ಲಿ ಕೆಳಗಿನ ಬ್ಲಾಕು ಎರಕದ ಕಬ್ಬಿಣ, ಮೇಲಿನ ಹೆಡ್ಡು ಅಲ್ಯೂಮಿನಿಯಂ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡ ತೆಳ್ಳನೆಯ ಹಾಳೆ ಗ್ಯಾಸ್ಕೆಟ್. ಒಂದು ಕಡೆ ಬೆಂಕಿ, ಒಂದು ಕಡೆ ನೀರು, ಇನ್ನೊಂದು ಕಡೆ ಆಯಿಲ್. ಮೂರೂ ಒಂದಕ್ಕೊಂದು ಸೇರದ ಹಾಗೆ ಅದು ವರ್ಷಗಟ್ಟಲೆ ನೋಡಿಕೊಳ್ಳಬೇಕು. ಹಾಳೆಯ ಬೆಲೆ ದೊಡ್ಡದಲ್ಲ. ಅದನ್ನು ಮುಟ್ಟಬೇಕಾದರೆ ಅರ್ಧ ಇಂಜಿನ್ ಬಿಚ್ಚಬೇಕು. ಹೆಡ್ ಇಳಿಸಬೇಕು, ಬೆಂಡ್ ಆಗಿದ್ದರೆ ಯಂತ್ರದಲ್ಲಿ ಸಮತಟ್ಟು ಮಾಡಿಸಲು ಫೇಸಿಂಗ್‌ಗೆ ಕಳಿಸಬೇಕು. ಒಮ್ಮೆ ಎಳೆತಕ್ಕೆ ಉದ್ದವಾದ ಹೆಡ್ ಬೋಲ್ಟುಗಳನ್ನು ಮತ್ತೆ ಹಾಕುವ ಹಾಗಿಲ್ಲ, ಹೊಸದೇ ಬೇಕು. ಮೆಕ್ಯಾನಿಕ್ ಹೇಳಿದ ಖರ್ಚು ಗಾಡಿಯ ಬೆಲೆಯ ಅರ್ಧ ದಾಟುತ್ತಿತ್ತು. "ಬಿಚ್ಚಿದ ಮೇಲೆ ಇನ್ನೇನು ಕಾಣುತ್ತೋ ನಾನು ಹೇಳಲ್ಲ" ಎಂದು ಬೇರೆ ಸೇರಿಸಿದರು. ಸರಿ, ಮಾರಿಬಿಡೋಣ ಅಂತ ಮನೆಯಲ್ಲಿ ತೀರ್ಮಾನವಾಯಿತು.

ಜಾಹೀರಾತಿನಲ್ಲಿ "ಸಣ್ಣ ಕೂಲಂಟ್ ಲೀಕ್ ಇದೆ" ಎಂದು ಬರೆದೆ. ಆ "ಸಣ್ಣ" ಎಂಬ ಪದವನ್ನು ಎರಡು ಸಲ ಅಳಿಸಿ, ಮತ್ತೆ ಎರಡು ಸಲ ಬರೆದೆ. ಕೊನೆಗೆ ಹಾಗೇ ಉಳಿಯಿತು.

ಶನಿವಾರ ಇಬ್ಬರು ಬಂದರು. ಮೊದಲನೆಯವರು ಹೆಂಡತಿ, ಮಗುವಿನ ಜೊತೆ ಬಂದಿದ್ದರು. ಮಗು ಆಗಲೇ ಹಿಂದಿನ ಸೀಟಿನಲ್ಲಿ ಕೂತು ಕಿಟಕಿ ಏರಿಸಿ ಇಳಿಸಿ ಮಾಡುತ್ತಿತ್ತು. ಅವರು ಬಾಗಿಲಿಗೆ ಕೈ ಹಾಕುವ ಮೊದಲೇ ನಾನು ಎಲ್ಲವನ್ನೂ ಹೇಳಿದೆ. ಗ್ಯಾಸ್ಕೆಟ್, ಹೊಗೆ, ಖರ್ಚು, ಬಿಳಿ ಪ್ಲಗ್ಗು, ಏನನ್ನೂ ಬಿಡಲಿಲ್ಲ. ಬೆಲೆಯನ್ನೂ ಅದಕ್ಕೆ ತಕ್ಕ ಹಾಗೆ ಇಳಿಸಿಯೇ ಇಟ್ಟಿದ್ದೇನೆ ಅಂದೆ. ಅವರು ಗಮನವಿಟ್ಟು ಕೇಳಿದರು. ಕೇಳಿ, ಗಾಡಿಯನ್ನಲ್ಲ, ನನ್ನನ್ನೇ ನೋಡಿದರು. "ಮತ್ತೆ ಇನ್ನೇನಿದೆ?" ಅಂದರು. "ಬೇರೆ ಏನೂ ಇಲ್ಲ." "ಇಲ್ಲ ಸಾರ್, ಇಷ್ಟು ಹೇಳ್ತಿದೀರಿ ಅಂದ್ರೆ ಇನ್ನೂ ಏನೋ ಇರಬೇಕು." ಬ್ರೇಕ್, ಕ್ಲಚ್ಚು, ಎ.ಸಿ. ಎಲ್ಲ ಚೆನ್ನಾಗಿದೆ ಅಂತ ಎಷ್ಟು ಹೇಳಿದರೂ ಅವರ ಮುಖದಲ್ಲಿ ಅನುಮಾನ ಬೆಳೆಯುತ್ತಲೇ ಹೋಯಿತು. ಹತ್ತು ನಿಮಿಷದಲ್ಲಿ ಮಗುವನ್ನು ಎತ್ತಿಕೊಂಡು ಹೊರಟರು. ಮಗು ಅತ್ತಿತು.

ಎರಡನೆಯವನು ಒಬ್ಬ ಹುಡುಗ, ಜೊತೆಗೆ ಅವನ ಮಾವ. ಮಾವನಿಗೆ ಗಾಡಿ ಬಗ್ಗೆ ಎಲ್ಲ ಗೊತ್ತು ಅಂತ ಹುಡುಗ ಹೇಳಿದ. ಮಾವ ಟೈರಿಗೆ ಕಾಲಿನಿಂದ ಒದ್ದು ನೋಡಿದರು. ಪ್ರಪಂಚದಲ್ಲಿ ಯಾರೂ ಟೈರಿಗೆ ಒದ್ದು ಏನನ್ನೂ ಕಂಡುಹಿಡಿದಿಲ್ಲ, ಆದರೂ ಎಲ್ಲರೂ ಒದೆಯುತ್ತಾರೆ. ಬೆಳಗಿನ ಅನುಭವದಿಂದ ಬುದ್ಧಿ ಕಲಿತಿದ್ದ ನಾನು ಈ ಸಲ ಮೊದಲು ಟೆಸ್ಟ್ ಡ್ರೈವ್ ಮಾಡಿಸಿದೆ. ಇಂಜಿನ್ ಬಿಸಿಯಿತ್ತು, ಹೊಗೆ ಇಲ್ಲ, ಮಿಸ್ಸಿಂಗ್ ಇಲ್ಲ. ಹುಡುಗನ ಮುಖ ಅರಳಿತು. ವಾಪಸ್ ಬಂದು ನಿಲ್ಲಿಸಿದ ಮೇಲೆ ಗ್ಯಾಸ್ಕೆಟ್ ವಿಷಯ ಹೇಳಿದೆ. ಮಾವ ಕೆಂಡವಾದರು. "ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ತು ನಿಮಗೆ? ಜಾಹೀರಾತಲ್ಲಿ ಸಣ್ಣ ಲೀಕ್ ಅಂತ ಹಾಕಿದೀರಲ್ರೀ!" ಅವರು ಹೇಳಿದ್ದು ಸರಿಯಾಗಿತ್ತು. ನನ್ನ ಹತ್ತಿರ ಉತ್ತರವಿರಲಿಲ್ಲ.

ಮೊದಲೇ ಹೇಳಿದರೆ ಅನುಮಾನ, ಆಮೇಲೆ ಹೇಳಿದರೆ ಜಗಳ. ಇನ್ನುಳಿದಿದ್ದು ಒಂದೇ ದಾರಿ, ಹೇಳದೇ ಇರುವುದು. ಸಂಜೆ ಬಿಡಿಭಾಗಗಳ ಅಂಗಡಿಗೆ ಹೋಗಿ ಆ ಬಾಟಲಿ ತಂದೆ. ಅಂಗಡಿಯವನು ಬಿಲ್ಲನ್ನು ಬಾಟಲಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟ.

ಅದು ಲೀಕ್ ಮುಚ್ಚುವ ದ್ರವ. ಇಂಥವುಗಳಲ್ಲಿ ಹೆಚ್ಚಾಗಿ ಸೋಡಿಯಂ ಸಿಲಿಕೇಟ್ ಇರುತ್ತದೆ, ಕೆಲವದರಲ್ಲಿ ನಾರು ಅಥವಾ ತಾಮ್ರದ ಪುಡಿಯನ್ನೂ ಸೇರಿಸಿರುತ್ತಾರೆ. ಕೂಲಂಟ್ ಜೊತೆ ಸುತ್ತುತ್ತಾ ಬಿರುಕಿನ ಬಿಸಿ ಜಾಗಕ್ಕೆ ಬಂದಾಗ ಗಟ್ಟಿಯಾಗಿ ಗಾಜಿನ ಹಾಗೆ ಕೂರುತ್ತದೆ. ಕೆಲವು ಸಲ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವು ಸಲ ವಾರಕ್ಕೇ ಬಿಡುತ್ತದೆ. ಬಿರುಕು ಮುಚ್ಚುವ ವಸ್ತುವಿಗೆ ಯಾವುದು ಬಿರುಕು, ಯಾವುದು ರೇಡಿಯೇಟರಿನ ಸಣ್ಣ ಕೊಳವೆ ಎಂದು ಗೊತ್ತಾಗಬೇಕಲ್ಲ. ಆ ಕೊಳವೆಯನ್ನೂ ಮುಚ್ಚಿಬಿಡಬಹುದು. ನಮ್ಮ ಮೆಕ್ಯಾನಿಕ್ ಹಿಂದೊಮ್ಮೆ ಇದರ ಬಗ್ಗೆ ಹೇಳಿದ್ದು ನೆನಪಿತ್ತು: "ಮಾರೋರು ಹಾಕ್ತಾರೆ. ಇಟ್ಕೊಂಡು ಓಡ್ಸೋರು ಹಾಕಲ್ಲ."

ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆಯಬಹುದಿತ್ತು. ಆದರೆ ಚೆನ್ನಾಗಿಯೇ ನಿದ್ದೆ ಬಂತು. ಬೆಳಿಗ್ಗೆ ಬೇಗ ಎದ್ದು, ತಣ್ಣಗಿರುವ ಇಂಜಿನ್ನಿಗೆ ಸುರಿದು 20 ನಿಮಿಷ ಓಡಿಸಿ ಎಂಬ ಸೂಚನೆಯನ್ನು ಎರಡು ಸಲ ಓದಿದೆ. ಅಷ್ಟರಲ್ಲಿ ಆ ಫೋನು.

ಬಾಟಲಿಯನ್ನು ಡಿಕ್ಕಿಯಲ್ಲಿ, ಸ್ಟೆಪ್ನಿಯ ಪಕ್ಕದ ಸಂದಿಗೆ ತುರುಕಿದೆ.

ಬಂದವನಿಗೆ ಮೂವತ್ತರ ಆಸುಪಾಸು. ಕೈಯಲ್ಲಿ ಒಂದು ಟಾರ್ಚು, ಹೆಗಲ ಮೇಲೆ ಒಂದು ಬಟ್ಟೆ. ತಾನೂ ಗ್ಯಾರೇಜ್ ಇಟ್ಟಿರುವುದಾಗಿ ಹೇಳಿದ. ಪೇಂಟ್ ನೋಡಲಿಲ್ಲ, ಸೀಟ್ ನೋಡಲಿಲ್ಲ, ಟೈರಿಗಂತೂ ಒದೆಯಲೇ ಇಲ್ಲ. ನೇರವಾಗಿ ನೆಲದ ಮೇಲೆ ಅಂಗಾತ ಮಲಗಿ ಇಂಜಿನ್ ಕೆಳಗೆ ಟಾರ್ಚ್ ಬಿಟ್ಟ. ಎದ್ದು ಕೈ ಒರೆಸಿಕೊಂಡ.

"ಸಣ್ಣ ಲೀಕ್ ಅಂತ ಬರ್ದಿದೀರಿ. ಲೀಕ್ ಅಂದ್ರೆ ಎಲ್ಲಾದ್ರೂ ಬೀಳಬೇಕು ಸಾರ್. ನೆಲ ಒಣಗಿದೆ."

ನಾನು ಸುಮ್ಮನಿದ್ದೆ. ಆತ ರೇಡಿಯೇಟರಿನ ಮೇಲಿನ ಪೈಪನ್ನು ಹಿಡಿದು ಅಮುಕಿದ. "ರಾತ್ರಿಯೆಲ್ಲಾ ನಿಂತಿದೆ, ಪೈಪ್ ತಣ್ಣಗಿದೆ. ಆದ್ರೂ ಕಲ್ಲಿನ ಹಾಗಿದೆ ನೋಡಿ." ನನ್ನ ಕೈಯನ್ನೂ ಹಿಡಿದು ಅಲ್ಲಿ ಇಡಿಸಿದ. ತಣ್ಣಗಾದ ಪೈಪು ಮೆತ್ತಗಿರಬೇಕಿತ್ತು, ಸುಟ್ಟ ಗಾಳಿ ಸೇರಿ ಒಳಗೆ ಒತ್ತಡ ಉಳಿದಿತ್ತು. ಇಷ್ಟು ದಿನ ನನ್ನ ಬಳಿಯೇ ಇದ್ದ ಗಾಡಿ, ಆ ಪೈಪನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಬಟ್ಟೆ ಮುಚ್ಚಿ ಕ್ಯಾಪ್ ತಿರುಗಿಸಿದ. ತಣ್ಣಗಿದ್ದ ಇಂಜಿನ್ನಿನಿಂದಲೂ ಬುಸ್ಸೆಂದು ಗಾಳಿ ಬಂತು. ಆಯಿಲ್ ಕ್ಯಾಪಿನ ಒಳಗೆ ಸ್ವಲ್ಪ ಕೆನೆಯಂಥ ಪದರ ಇತ್ತು. ಆಯಿಲಿಗೆ ನೀರು ಸೇರಿದರೆ ಹಾಗಾಗುತ್ತದೆ. ನನ್ನ ಎದೆ ಧಸಕ್ ಎಂದಿತು. ಆತ ತಲೆಕೆಡಿಸಿಕೊಳ್ಳಲಿಲ್ಲ. "ಹತ್ತಿರದಲ್ಲೇ ಓಡಿಸಿದ್ರೆ ತೇವಕ್ಕೂ ಹೀಗಾಗುತ್ತೆ" ಎಂದು ಡಿಪ್‌ಸ್ಟಿಕ್ ಎಳೆದು, ಬೆರಳಿಗೆ ಹಚ್ಚಿ ಉಜ್ಜಿ ನೋಡಿದ. "ಆಯಿಲ್ ಬಚಾವ್. ಬೇರಿಂಗ್ ಉಳ್ಕೊಂಡಿರುತ್ತೆ." ಆಮೇಲೆಯೇ ಸೆಲ್ಫ್ ಹೊಡೆಯಲು ಹೇಳಿದ್ದು. ಹಿಂದೆ ಹೋಗಿ ಹೊಗೆಗೆ ಕೈ ಒಡ್ಡಿ, ಮೂಗಿನ ಹತ್ತಿರ ತಂದ. ಸುಟ್ಟ ಕೂಲಂಟಿಗೆ ಒಂಥರಾ ಸಿಹಿ ವಾಸನೆ ಇರುತ್ತದೆ.

ಇನ್ನು ಮುಚ್ಚಿಡಲು ಏನಿತ್ತು? ಒಳಗೆ ಹೋಗಿ ನನ್ನ ನೋಟ್‌ಬುಕ್ ತಂದು ಕೊಟ್ಟೆ. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಎಷ್ಟು ಕೂಲಂಟ್ ಹಾಕಿದೆ ಎಂದು ಬರೆದಿಟ್ಟಿದ್ದೆ. ಗಾಡಿಯನ್ನು ನೋಡಿದ್ದಕ್ಕಿಂತ ಜಾಸ್ತಿ ಹೊತ್ತು ಆತ ಅದನ್ನು ನೋಡಿದ. ಒಂದು ಪುಟದ ಮೇಲೆ ಬೆರಳಿಟ್ಟ. ಅಲ್ಲಿ ಒಂದೇ ದಿನ ಮೂರು ಲೀಟರ್ ಹಾಕಿದ ಲೆಕ್ಕವಿತ್ತು.

"ಅವತ್ತು ಹೀಟ್ ಆಯ್ತಾ?"

"ಆಯ್ತು."

"ಮುಳ್ಳು ಕೆಂಪಿಗೆ ಹೋದ್ಮೇಲೆ ಎಷ್ಟು ದೂರ ಓಡಿಸಿದ್ರಿ?"

ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಮ್ಮ ಮೆಕ್ಯಾನಿಕ್ಕಿಗೂ ಹೇಳಿರಲಿಲ್ಲ. ಅವರಿಗೆ "ಮುಳ್ಳು ಏರಿತು, ತಕ್ಷಣ ನಿಲ್ಲಿಸಿದೆ" ಅಂದಿದ್ದೆ. ಅವತ್ತು ಮನೆ ಹತ್ತಿರದಲ್ಲೇ ಇತ್ತು, ಹಿಂದೆ ವಾಹನಗಳ ಸಾಲು, ಮಳೆ ಬೇರೆ. ಹೇಗೂ ಬಂದೇಬಿಟ್ಟೆವಲ್ಲ ಅಂತ ಓಡಿಸಿಕೊಂಡೇ ಬಂದಿದ್ದೆ.

"ಎರಡು ಕಿಲೋಮೀಟರ್" ಅಂದೆ.

ಆತ ಬೈಯಲಿಲ್ಲ. ತಲೆ ಆಡಿಸಿ, "ಹಂಗಾದ್ರೆ ಹೆಡ್ ಬೆಂಡ್ ಆಗಿರುತ್ತೆ. ಫೇಸಿಂಗ್ ಖರ್ಚು ಹಿಡೀಬೇಕು" ಎಂದು ತನ್ನ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಂಡ. ಅಷ್ಟೇ. ಒಂದು ವರ್ಷ ನಾನು ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದ ಗುಟ್ಟು ಅವನಿಗೆ ಖರ್ಚಿನ ಒಂದು ಸಾಲು.

ಚೌಕಾಸಿ ಬೇಗ ಮುಗಿಯಿತು. ನಾನು ಹೇಳಿದ್ದಕ್ಕಿಂತ ಕಡಿಮೆ, ಹೆದರಿದ್ದಕ್ಕಿಂತ ಜಾಸ್ತಿ. ಎರಡು ಹಾಳೆಯಲ್ಲಿ ಒಂದೇ ಮಾತು ಬರೆದೆವು: ಹೆಡ್ ಗ್ಯಾಸ್ಕೆಟ್ ಹೋಗಿದೆ, ಗಾಡಿ ಒಮ್ಮೆ ಹೀಟ್ ಆಗಿದೆ, ಎರಡನ್ನೂ ತಿಳಿದೇ ಇದ್ದ ಸ್ಥಿತಿಯಲ್ಲಿ ಕೊಂಡಿದ್ದೇನೆ. ತಾರೀಖು, ಗಂಟೆ, ಓಡೋಮೀಟರ್ ಅಂಕಿ, ಇಬ್ಬರ ಸಹಿ. "ಸಣ್ಣ" ಎಂಬ ಪದ ಅದರಲ್ಲಿ ಎಲ್ಲೂ ಬರಲಿಲ್ಲ. ಹೆಸರು ಬದಲಾಯಿಸುವ ಕಾಗದಪತ್ರಕ್ಕೂ ಆಗಲೇ ಸಹಿ ಹಾಕಿದೆ. ಇದನ್ನು ತಡಮಾಡಿ ಪೇಚಿಗೆ ಸಿಕ್ಕವರನ್ನು ನೋಡಿದ್ದೇನೆ.

ಓಡಿಸಿಕೊಂಡು ಹೋಗುತ್ತಾನೆ ಅಂದುಕೊಂಡಿದ್ದೆ. ಆತ ಫೋನ್ ಮಾಡಿ ಟೋ ಗಾಡಿ ಕರೆಸಿದ. "ಇದನ್ನ ಇನ್ನು ಒಂದು ಕಿಲೋಮೀಟರೂ ಓಡಿಸಬಾರ್ದು ಸಾರ್" ಅಂದ. ಎರಡು ಕಿಲೋಮೀಟರ್ ಓಡಿಸಿದವನ ಮುಂದೆ ನಿಂತು ಹೇಳಿದ. ಬೇಕಂತಲೇ ಹೇಳಿದನೋ, ಮಾತಿಗೆ ಬಂತೋ ತಿಳಿಯಲಿಲ್ಲ. ಆ ಗಡಿಬಿಡಿಯಲ್ಲಿ ಡಿಕ್ಕಿ ಖಾಲಿ ಮಾಡುವುದನ್ನು ಮರೆತೇಬಿಟ್ಟೆ.

ಮೂರು ವಾರದ ಮೇಲೆ ಆತನ ಫೋನ್ ಬಂತು. ಹೆಡ್ ಇಳಿಸಿದ್ದನಂತೆ. ಗ್ಯಾಸ್ಕೆಟ್ ಮೂರನೇ ಸಿಲಿಂಡರಿಗೂ ಪಕ್ಕದ ನೀರಿನ ದಾರಿಗೂ ನಡುವೆ ಸುಟ್ಟಿತ್ತಂತೆ. ಹೆಡ್ ಬೆಂಡ್ ಆಗಿದ್ದು ನಿಜ, ಫೇಸಿಂಗ್ ಆಯಿತು, ಕೂರಿಸಿದ್ದೂ ಆಯಿತು. ಖುಷಿಯಲ್ಲಿಯೇ ಇದ್ದ. ಆಮೇಲೆ ದನಿ ಸ್ವಲ್ಪ ಇಳಿಸಿದ.

"ಒಂದು ಮಾತು ಕೇಳ್ಲಾ ಸಾರ್? ಕೂಲಂಟ್‌ಗೆ ನೀವೇನಾದ್ರೂ ಹಾಕಿದ್ರಾ? ನೀರಿನ ದಾರಿಯಲ್ಲೆಲ್ಲಾ ಬೂದು ಬಣ್ಣದ ಗಸಿ. ಕೆರೆದ್ರೆ ತಾಮ್ರದ ಹಾಗೆ ಮಿಂಚ್ತಿದೆ."

ಇಲ್ಲ ಅಂದೆ. ನನ್ನ ದನಿ ನನಗೇ ಸುಳ್ಳಿನ ಹಾಗೆ ಕೇಳಿಸಿತು. ಆಗ ಆ ಬೆಚ್ಚಗಿನ ಬಾನೆಟ್ ನೆನಪಾಯಿತು. ಈಗಷ್ಟೇ ಪೆಟ್ರೋಲ್ ಹಾಕಿಸಿಕೊಂಡು ಬಂದೆ ಎಂದ ಮೆತ್ತಗಿನ ಮಾತೂ ನೆನಪಾಯಿತು. ಅವರೇ ಹಾಕಿದರೋ, ಅವರಿಗೂ ಮುಂಚಿನವರು ಹಾಕಿದ್ದು ಅವರಿಗೂ ಗೊತ್ತಿರಲಿಲ್ಲವೋ. ಅದನ್ನೆಲ್ಲ ಆತನಿಗೆ ಹೇಳಿದೆ.

"ನೀವಲ್ಲ ಅಂತ ಗೊತ್ತು ಬಿಡಿ. ಅದು ಹಳೇದು, ಗಟ್ಟಿಯಾಗಿ ಕೂತಿದೆ" ಅಂದ. "ನಿಮ್ಮ ಬಾಟಲಿ ಡಿಕ್ಕಿಯಲ್ಲೇ ಇತ್ತಲ್ಲ. ಸೀಲ್ ಕೂಡ ಒಡೆದಿಲ್ಲ."

ನಾನು ಮಾತಾಡಲಿಲ್ಲ.

"ಬಿಲ್ಲೂ ಜೊತೆಗೇ ಇದೆ" ಅಂದ. "ನಾನು ಬಂದಿದ್ದು ಭಾನುವಾರ ಅಲ್ವಾ? ಬಿಲ್ ಶನಿವಾರದ್ದು." ನಕ್ಕನೋ, ಕೆಮ್ಮಿದನೋ. "ಆ ಅಂಗಡಿ ಕಡೆ ಹೋಗ್ತಿದೀನಿ. ವಾಪಸ್ ಕೊಟ್ರೆ ತಗೋತಾರೆ. ಕೊಟ್ಟುಬಿಡ್ಲಾ?"